ಹೊಲಿದ ಪುಟಗಳನ್ನು ಬಿಚ್ಚಿದ ದಿನ

ಬಸ್ಸು ತಪ್ಪಬಹುದಿತ್ತು. ಆಧಾರ್ ಕಾರ್ಡ್ ಮರೆತು ಕಂಡಕ್ಟರನ ಮುಂದೆ ಪರ್ಸ್ ತಡಕಾಡಬೇಕಾಗಬಹುದಿತ್ತು. ಮುದ್ದೇಬಿಹಾಳದ ಗೆಳತಿ ನನ್ನ ಪುಟದ ದಾರವನ್ನು ಮೊದಲೇ ಬಿಚ್ಚಿ ಓದಿ, ಬಾಗಿಲಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಮೊದಲೇ ಓದದಿದ್ದರೆ ಎಲ್ಲರ ಎದುರು ಗಟ್ಟಿಯಾಗಿ ಓದಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಅವಳು ಅಳಬಹುದಿತ್ತು. ಅವಳು ಅಳದೆ ನಾನು ಅಳಬಹುದಿತ್ತು. ಊಟ ಹಾಕದೆ ಕಳಿಸಬಹುದಿತ್ತು. ನಾನು ದಾರಿಯಲ್ಲೇ ಎದೆ ಹಿಡಿದುಕೊಂಡು ಸತ್ತು, ಆ ಪುಟವೇ ನನ್ನ ಕೊನೆಯ ಮಾತೆಂದು ಮೂವರೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬಹುದಿತ್ತು. ಬಸ್ಸು ಇನ್ನೂ ಬಾಗೇವಾಡಿಯ ಪೆಟ್ರೋಲ್ ಪಂಪ್ ದಾಟಿರಲಿಲ್ಲ. ನನ್ನ ತಲೆಯಲ್ಲಿ ಇಷ್ಟೂ ಆಗಿಹೋಗಿತ್ತು.

ನಾವು ನಾಲ್ವರು. ವಿಜಯಪುರದ ಹಾಸ್ಟೆಲ್ಲಿನಲ್ಲಿ ಒಂದೇ ಖೋಲಿಯಲ್ಲಿ ಇದ್ದವರು. ಈಗ ಒಬ್ಬಳು ಇಂಡಿಯಲ್ಲಿ ನಿಂಬೆ ತೋಟ ನೋಡಿಕೊಳ್ಳುತ್ತಾಳೆ, ಒಬ್ಬಳು ಸಿಂದಗಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ನಮಗಿಂತ ಒಂದು ವರ್ಷ ದೊಡ್ಡವಳಾದ್ದರಿಂದ ಅವಳನ್ನು ಆಪಾ ಎನ್ನುತ್ತೇವೆ. ಮತ್ತೊಬ್ಬಳು ಮುದ್ದೇಬಿಹಾಳದಲ್ಲಿ ಕಾಲೇಜಿನ ಉಪನ್ಯಾಸಕಿ. ಬಾಗೇವಾಡಿಯ ಹೈಸ್ಕೂಲು ಮಾಸ್ತರಿಣಿ ನಾನು. ಒಂದೇ ಪ್ರತಿ ಪುಸ್ತಕ ನಾಲ್ಕೂ ಊರು ತಿರುಗುತ್ತದೆ. ಅದರ ಜೊತೆಗೊಂದು ವಹಿ. ಓದಿ ಮುಗಿಸಿದವಳು ತನ್ನ ಅಭಿಪ್ರಾಯವನ್ನು ಆ ವಹಿಯಲ್ಲಿ ಒಂದು ಪುಟ ಬರೆದು, ಹಾಳೆಯನ್ನು ಒಳಗೆ ಮಡಚಿ, ಅಂಚಿಗೆ ದಾರದಿಂದ ಹೊಲಿದು ಮುಂದಿನವಳಿಗೆ ಕಳಿಸಬೇಕು. ಕೊನೆಗೆ ಓದಿದವಳ ಮನೆಯಲ್ಲಿ ಎಲ್ಲರೂ ಕೂಡಿ, ದಾರ ಕತ್ತರಿಸಿ, ಗಟ್ಟಿಯಾಗಿ ಓದುವುದು. ಇದು ಆಪಾ ಮಾಡಿದ ಕಾಯ್ದೆ. "ಇಲ್ಲಾಂದ್ರ ನೀವು ಮೊದಲಿನಾಕಿ ಬರದದ್ದು ನೋಡಿ ಬರೀತೀರಿ, ಪರೀಕ್ಷೆದಾಗ ಮಾಡ್ತಿದ್ರಲ್ಲಾ, ಹಂಗ."

ಈ ಸಲದ ಕಾದಂಬರಿ ಆರಿಸಿದ್ದು ನಾನೇ. ಎಂಟು ದಿನ ಇದ್ದು ಹೋಗುತ್ತೇನೆಂದು ಬಂದ ಗೆಳತಿಯೊಬ್ಬಳು ಐದು ವರ್ಷ ಉಳಿದು, ಆ ಮನೆಯ ಮೂವರು ಹೆಂಗಸರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ಮನೆ ಮೂರು ಪಾಲಾದ ಮೇಲೆ ಸೂಟ್‌ಕೇಸ್ ಹಿಡಿದು ಹೊರಡುವ ಕಥೆ. ಸ್ಟಾಫ್ ರೂಮಿನ ಬಿಡುವಿನ ಪಿರಿಯಡ್ಡಿನಲ್ಲಿ ಕೊನೆಯ ಪುಟ ಮುಗಿಸಿ, ಅದೇ ಸಿಟ್ಟಿನಲ್ಲಿ ವಹಿ ತೆಗೆದೆ. "ಈ ಹೆಂಗಸನ್ನು ನಾನು ಬಲ್ಲೆ" ಎಂದು ಶುರು ಮಾಡಿದೆ. "ನನಗೆ ಧಾರವಾಡದಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಅದು ಹೆಣ್ಣುಮಕ್ಕಳು ಇರುವ ಊರಲ್ಲವೆಂದು ನಮ್ಮಪ್ಪನ ಕಿವಿಯಲ್ಲಿ ಊದಿ, ನನ್ನನ್ನು ಮನೆಯಲ್ಲಿ ಕೂರಿಸಿ, ತಾನು ಹೋಗಿ ಓದಿ ಬಂದಳು. ಇಂಥವರು ಕಾದಂಬರಿಯಲ್ಲೇ ಇರಬೇಕೆಂದಿಲ್ಲ." ಬರೆದೆ, ಮಡಚಿದೆ, ಕರಿ ದಾರದಿಂದ ಗಟ್ಟಿ ಹೊಲಿದೆ. ಸಂಜೆ ಸಿಂದಗಿ ಬಸ್ಸಿನ ಕಂಡಕ್ಟರನ ಕೈಗೂ ಕೊಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆಯೇ ನನಗೆ ಬುದ್ಧಿ ಬಂದದ್ದು. ವಹಿ ಕೊನೆಗೆ ಮುಟ್ಟುವುದು ಮುದ್ದೇಬಿಹಾಳಕ್ಕೆ. ನಾನು ಬರೆದದ್ದು ಯಾರ ಮೇಲೋ, ಅದನ್ನು ಗಟ್ಟಿಯಾಗಿ ಓದುವವಳೂ ಅವಳೇ.

ನಮ್ಮ ಗ್ರೂಪಿನಲ್ಲಿ ಮೆಸೇಜು ಹಾಕಿದೆ, ಒಂದು ವಾಕ್ಯ ತಿದ್ದಬೇಕು, ವಹಿ ತಿರುಗಿ ಕಳಿಸಿರೆಂದು. ಆಪಾ ದನಿ ಮೆಸೇಜು ಕಳಿಸಿದಳು: "ಒಮ್ಮಿ ಹೊಲಿದ ಮ್ಯಾಲ ಮುಗೀತು. ನಿಂಗ ತಿದ್ದಾಕ ಕೊಟ್ರ ಮುಂದಿನ ಉಗಾದಿತನಕ ತಿದ್ದತಿ." ಮುಂದಿನ ಇಪ್ಪತ್ತು ದಿನ ನಾನು ಮಕ್ಕಳ ಪೇಪರು ತಿದ್ದುತ್ತ ಎರಡು ಸಲ ಒಬ್ಬನದೇ ಅಂಕ ಕೂಡಿಸಿದೆ. ಹಾಲು ಉಕ್ಕಿಸಿದ್ದಂತೂ ದಿನಾ.

ಮುದ್ದೇಬಿಹಾಳದಲ್ಲಿ ಅವಳು ಬಾಗಿಲಲ್ಲೇ ಇದ್ದಳು. "ಯಾಕ ಮಾರಿ ಹಿಂಗಾಗೇತಿ? ಬಸ್ಸಿನ್ಯಾಗ ನಿಂತ ಬಂದೇನು?" ಎಂದಳು. ದಾರ ಬಿಚ್ಚಿಲ್ಲವೆಂದು ಅರ್ಥವಾಯಿತು. ಅರ್ಧ ಜೀವ ಬಂತು, ಇನ್ನರ್ಧ ಹೋಯಿತು.

ಆಪಾ, ಇಂಡಿಯವಳು ಮೊದಲೇ ಬಂದು ಒಳಗೆ ಕೂತಿದ್ದರು. ಚಹಾ ಆದ ಮೇಲೆ ಗೆಳತಿ ಬ್ಲೇಡು ತಂದಳು. ಮೊದಲು ಬಿಚ್ಚಿದ್ದು ಇಂಡಿಯವಳ ಪುಟ. ಕಾದಂಬರಿಯ ಆ ಗೆಳತಿಯದು ಏನೂ ತಪ್ಪಿಲ್ಲ, ಒಂಬತ್ತನೆಯ ದಿನ ಹೊರಡು ಎನ್ನಲಾರದ ಮೂವರದೇ ತಪ್ಪು ಎಂದು ಬರೆದಿದ್ದಳು. ಆಪಾಗೆ ತಡೆಯಲಾಗಲಿಲ್ಲ. "ಮನಿಗೆ ಬಂದವರಿಗೆ ಹೋಗು ಅಂತಾರೇನ?"

"ನಮ್ಮನ್ಯಾಗ ಅಂತೀವಿ," ಎಂದಳು ಇಂಡಿಯವಳು.

"ಅದಕ್ಕ ನಿಮ್ಮನಿಗೆ ಯಾರೂ ಬರೂದಿಲ್ಲ."

ಆಪಾ ಬರೆದದ್ದು ನಾಲ್ಕೇ ಸಾಲು. ಐದು ವರ್ಷ ಕೂತು ಉಂಡವಳಿಂದ ಲೇಖಕಿ ಒಂದು ದಿನವೂ ರೊಟ್ಟಿ ತಟ್ಟಿಸಲಿಲ್ಲ, ಇದನ್ನು ನಂಬುವುದು ಹೇಗೆ ಎಂಬುದು ಅವಳ ತಕರಾರು.

ಆಮೇಲೆ ಮುದ್ದೇಬಿಹಾಳದ ಗೆಳತಿ ತನ್ನ ಪುಟ ಓದಿದಳು. "ಮೂವರೂ ಆಕೆಯ ಬಗ್ಗೆ ಹೇಳುತ್ತಾರೆ. ಆಕೆಗೆ ಮಾತಾಡಲು ಒಂದು ಅಧ್ಯಾಯವನ್ನೂ ಕೊಟ್ಟಿಲ್ಲ. ನಾನು ಕೊನೆಯ ಪುಟದವರೆಗೂ ಅದಕ್ಕಾಗಿ ಕಾದೆ." ನನಗೆ ನೀರು ಕುಡಿಯಬೇಕೆನಿಸಿತು. ಎದ್ದು ಹೋದರೆ ಕಾರಣ ಕೇಳುತ್ತಾರೆಂದು ಖಾಲಿ ಚಹಾ ಕಪ್ಪನ್ನೇ ಎತ್ತಿ ಬಾಯಿಗಿಟ್ಟೆ.

ಕರಿ ದಾರ ಕತ್ತರಿಸಿದಳು. ಪಾಠ ಓದುವವಳ ಹಾಗೆ, ಎಲ್ಲೂ ನಿಲ್ಲದೆ, ನನ್ನ ಪುಟವನ್ನು ಕೊನೆಯವರೆಗೂ ಓದಿದಳು. ಓದಿ ಮುಗಿದ ಮೇಲೂ ಹಾಳೆ ಹಿಡಿದೇ ಇದ್ದಳು. ಇಂಡಿಯವಳು ಫ್ಯಾನು ನೋಡಿದಳು.

"ಅಕ್ಷರ ನಿಂದು, ಸುದ್ದಿ ನಂದು," ಎಂದಳು ಗೆಳತಿ. "ಹೌದಿಲ್ಲೋ?"

ನಾನು ತಲೆಯಾಡಿಸಿದೆ.

"ಹಾಸ್ಟೆಲ್ ಮೆಟ್ಟಲ ಮ್ಯಾಲ ಕುಂತಾಗ ನೀ ಏನಂದಿ ನೆನಪೈತೇನು? 'ನಂಗ ಅಷ್ಟ ದೂರ ಹೋಗಾಕ ಅಂಜಿಕಿ ಬರ್ತೈತಿ. ನಾ ಒಲ್ಲೆ ಅಂದ್ರ ನಮ್ಮಪ್ಪ ಹೇಡಿ ಅಂತಾನ. ನೀನ ಹೇಳಿಬಿಡು, ಧಾರವಾಡ ಛಲೋ ಅಲ್ಲಂತ.' ನಾ ಹೇಳಿದೆ. ಮುಂದ ನಾನ ಅಲ್ಲಿ ಓದಾಕ ಹೋದಾಗ ನಿಮ್ಮಪ್ಪ ನನ್ನ ಸುಳ್ಳಿ ಅಂದ. ಸಾಯೂತನಕ ನನ್ನ ಕೂಡ ಮಾತಾಡ್ಲಿಲ್ಲ. ನೀ ಅವಾಗರ ಖರೆ ಹೇಳ್ತಿ ಅಂತ ನಾ ಸುಮ್ಮಕಿದ್ದೆ."

ಅದು ನನಗೆ ಮರೆತಿತ್ತೆಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಮರೆತಿರಲಿಲ್ಲ. ಗಂಡನಿಗೆ, ಸಹೋದ್ಯೋಗಿಗಳಿಗೆ, ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೂ ಇನ್ನೊಂದು ಥರ ಹೇಳಿ ಹೇಳಿ, ಅದೇ ಬಾಯಿಪಾಠ ಆಗಿತ್ತು. ಏನೇನು ಕೆಡಬಹುದೆಂದು ಇಡೀ ಜನ್ಮ ಲೆಕ್ಕ ಹಾಕಿದವಳು ನಾನು. ಬರೆದದ್ದು ಸುಳ್ಳೆಂದು ಯಾರಾದರೂ ಎದ್ದು ಹೇಳಬಹುದೆಂಬುದು ಮಾತ್ರ ಹೊಳೆದಿರಲಿಲ್ಲ.

"ತಪ್ಪಾತವಾ," ಎಂದೆ. "ಖರೆ ಐತಿ. ನಾನ ಅಂದಿದ್ದೆ."

ಆಪಾ ಕೆಮ್ಮಿದಳು. "ಅಂದ್ರ ಕಾದಂಬರಿದಾಗಿನ ಗೆಳತಿ ಯಾರಾದ್ರಿ ಈಗ?"

ಯಾರೋ ಒಬ್ಬರು ನಕ್ಕರು, ಆಮೇಲೆ ನಾಲ್ವರೂ ನಕ್ಕೆವು. "ಏಳ್ರಿ, ಊಟಕ್ಕ ಏಳ್ರಿ, ರೊಟ್ಟಿ ಆರತಾವ," ಎಂದಳು ಗೆಳತಿ. ಎಣ್ಣೆಗಾಯಿ ಬದನೆಕಾಯಿ ನನಗೇ ಎರಡು ಸಲ ಬಡಿಸಿದಳು. ಮುಂದಿನ ಪುಸ್ತಕವನ್ನು ಇಂಡಿಯವಳು ಆರಿಸಬೇಕೆಂದೂ, ಅದರಲ್ಲಿ ಗೆಳತಿಯರೇ ಇರಕೂಡದೆಂದೂ ತೀರ್ಮಾನವಾಯಿತು. ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಬಂದು, ಕಿಟಕಿ ಬದಿಯ ಸೀಟು ಹಿಡಿಸಿಕೊಟ್ಟು, ಗೆಳತಿಯೇ ನನ್ನ ಚೀಲ ಎತ್ತಿ ಕೊಟ್ಟಳು. "ಮುಟ್ಟಿದ ಮ್ಯಾಲ ಫೋನ್ ಮಾಡು." ಎಂದಿನಂತೆಯೇ ಹೇಳಿದಳು, ನಾನು ಗಮನವಿಟ್ಟು ಕೇಳಿದೆ.

ಬಸ್ಸು ಹೊರಟ ಮೇಲೆ ಚೀಲ ಹಗುರವೆನಿಸಿತು. ಬೆಳಿಗ್ಗೆ ಬರುವಾಗ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ಒಯ್ದಿದ್ದೆ. ನಮ್ಮಲ್ಲಿ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ. ಉಂಡಿಯೋ ಹಪ್ಪಳವೋ ಹಾಕುತ್ತಾರೆ, ಮನೆಯಲ್ಲಿ ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಉದುರಿಸುತ್ತಾರೆ. ಗಡಿಬಿಡಿಯಲ್ಲಿ ಮರೆತಿರಬೇಕು, ನಾಲ್ಕು ಜನರ ಅಡಿಗೆ, ಪಾಪ, ಎಂದುಕೊಂಡು ಮುಚ್ಚಳ ತೆಗೆದೆ. ಡಬ್ಬಿಯನ್ನು ತೊಳೆದು, ಅರಿವೆಯಿಂದ ಒರೆಸಿ, ಒಂದು ಹನಿ ನೀರೂ ಇಲ್ಲದಂತೆ ಒಣಗಿಸಿದ್ದಳು. ಒಳಗೆ ಬೆರಳಾಡಿಸಿ ನೋಡಿದೆ. ಸಕ್ಕರೆಯ ಒಂದು ಕಾಳೂ ಇರಲಿಲ್ಲ.