ದಂಟಿನ ಸೇತುವೆ, ಒಂದು ಸೇರು ರಾಗಿ

ಆಗೆಲ್ಲ ಅಜ್ಜಂಪುರದ ಮಕ್ಕಳಿಗೆ ಆಟದ ಸಾಮಾನು ಅಂಗಡಿಯಲ್ಲಲ್ಲ, ಹೊಲದಲ್ಲಿ ಸಿಗುತ್ತಿತ್ತು. ಜೋಳ ಕೊಯ್ದ ಮೇಲೆ ಒಣಗಿದ ದಂಟಿನ ಸಿಪ್ಪೆ ಸೀಳಿದರೆ ಒಳಗೆ ಬಿಳಿ ಬೆಂಡು. ಬೆಂಡಿಗೆ ಸಿಪ್ಪೆಯ ಸಿಬಿರು ಚುಚ್ಚಿ ಗಾಡಿ, ಎತ್ತು, ಕನ್ನಡಕ ಎಲ್ಲ ಮಾಡುತ್ತಿದ್ದೆವು. ನೀವೂ ಮಾಡಿರುತ್ತೀರಿ, ಬೆರಳೂ ಕುಯ್ದುಕೊಂಡಿರುತ್ತೀರಿ.

ಆ ಸುಗ್ಗಿಯಲ್ಲಿ ನನಗೆ ಹಿಡಿದದ್ದು ಸೇತುವೆಯ ಹುಚ್ಚು. ತರೀಕೆರೆ ಕಡೆ ಹೊಸ ರೈಲು ದಾರಿಗೆ ಕಬ್ಬಿಣದ ಸೇತುವೆ ಕಟ್ಟುತ್ತಿದ್ದರು. ಅಪ್ಪ ಅಲ್ಲಿಗೆ ಗಾಡಿಯಲ್ಲಿ ಹಳಿಯ ಕೆಳಗೆ ಹಾಸುವ ಮರದ ದಿಮ್ಮಿ ಸಾಗಿಸುತ್ತಿದ್ದ. ವಾರಕ್ಕೊಮ್ಮೆ ಮನೆಗೆ ಬಂದಾಗ ಅದರದ್ದೇ ಮಾತು. ನಾನೋ ಊರಿನ ಸ್ಟೇಷನ್ನಿನಲ್ಲಿ ರೈಲು ನೋಡಿದ್ದೆನೇ ಹೊರತು ಎಲ್ಲಿಗೂ ಹೋದವಳಲ್ಲ. ಕಟ್ಟುವುದನ್ನು ನೋಡಬೇಕು, ಕರೆದುಕೊಂಡು ಹೋಗು ಎಂದು ಅಪ್ಪನ ಜೀವ ತಿಂದೆ.

"ದಂಟಲ್ಲಿ ಒಂದು ಸೇತುವೆ ಕಟ್ಟು. ಒಂದು ಸೇರು ರಾಗಿ ಹೊತ್ಕೊಂಡು ನಿಂತ್ರೆ ಕರ್ಕೊಂಡೋಯ್ತೀನಿ ಕಣವ್ವ" ಎಂದ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮುದ್ದೆ ನುಂಗುವಾಗಲೂ ಕೈಯಲ್ಲಿ ಸಿಬಿರು. ನೆಟ್ಟಗೆ ನಿಲ್ಲಿಸಿದ ಕಡ್ಡಿಗಳೆಲ್ಲ ವಾಲಿ ಬಿದ್ದವು. ಕೊನೆಗೆ ಎರಡೆರಡು ಕಡ್ಡಿಗಳ ನಡುವೆ ಓರೆಯಾಗಿ ಒಂದೊಂದು ಸಿಬಿರು ಕೊಟ್ಟೆ. ಅಲ್ಲಾಡಿಸಿದರೂ ಅಲ್ಲಾಡಲಿಲ್ಲ! ಎತ್ತಿದರೆ ಹೂವಿನಷ್ಟು ಹಗುರ.

ಅಪ್ಪ ಬಂದ. ಎರಡು ಇಟ್ಟಿಗೆಗಳ ಮೇಲೆ ಸೇತುವೆ ಇಟ್ಟೆ. ಅಷ್ಟರಲ್ಲಿ ಅಜ್ಜಿ, "ತಡಿಯೇ, ಹೊಸಾದಕ್ಕೆ ಪೂಜೆ ಮಾಡ್ದೆ ಭಾರ ಹೊರುಸ್ತಾರೇನೇ?" ಎಂದು, ಹೊಸ ಗಾಡಿಗೆ ಮಾಡುವಂತೆ ತಂಬಿಗೆ ನೀರು ಹುಯ್ದು ತೊಳೆದು ಅರಿಶಿನ ಕುಂಕುಮ ಹಚ್ಚಿದಳು. ಅವಳ ಪೂಜೆ ಮುಗಿಯುವಷ್ಟರಲ್ಲಿ ಬೆಂಡು ನೀರು ಕುಡಿದು ಮೆತ್ತಗಾಗಿತ್ತು. ಸೇರು ಇಟ್ಟದ್ದೇ ತಡ, ನಡು ಕುಸಿದು ರಾಗಿಯೆಲ್ಲ ನೆಲದ ಪಾಲಾಯಿತು.

"ಅಜ್ಜೀ, ನೀನೇ ಕೆಡಿಸ್ದೆ!" ಎಂದು ಕಿರುಚಿದೆ.

ಅಪ್ಪ ನಗಲಿಲ್ಲ. "ಸೇತುವೆ ಅಂದ್ಮೇಲೆ ನೀರು ಬೀಳ್ದೆ ಇರ್ತದಾ? ಇನ್ನೊಂದು ಕಟ್ಟವ್ವ, ಮುಂದಿನ ವಾರ ನೋಡಾನ."

ಮತ್ತೆ ಕಟ್ಟಿದೆ. ಈ ಸಲ ಜೇನುಮೇಣ ಕರಗಿಸಿ ಮೈಗೆಲ್ಲ ಸವರಿದೆ. ಮನೆ ತುಂಬ ಅದರ ಸಿಹಿ ವಾಸನೆ. ಅಪ್ಪನ ಗಾಡಿ ಬಂತೇ ಎಂದು ಜಗಲಿಗೂ ರಸ್ತೆಗೂ ಓಡಾಡಿ ಅವ್ವನಿಂದ ಬೈಸಿಕೊಂಡೆ. ಅಪ್ಪ ಬಂದವನು ತಾನೇ ನೀರು ಹುಯ್ದ, ಸೇರು ಇಟ್ಟ. ಸೇತುವೆ ನಿಂತಿತು. ಇನ್ನೊಂದು ಸೇರು ಇಟ್ಟ. ಅದಕ್ಕೂ ನಿಂತಿತು.

"ಯಾವತ್ತು ಹೋಗಾದಪ್ಪಾ?" ಎಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. "ಅಲ್ಲಿ ಕೆಲ್ಸ ಮುಗೀತು ಕಣವ್ವ. ಗಾಡಿಗಳ್ನೆಲ್ಲ ವಾಪಸ್ ಕಳ್ಸಿದ್ರು. ರೈಲು ಬಿಟ್ಮೇಲೆ ಹೋಗಾನ."

ಹೋಗಲಿಲ್ಲ. ಒಂದು ವರ್ಷ ಬಿತ್ತನೆ ಅಡ್ಡ ಬಂತು, ಇನ್ನೊಂದು ವರ್ಷ ನನ್ನ ಮದುವೆ, ಆಮೇಲೆ ಅಪ್ಪನೇ ಇಲ್ಲ. ಆ ಕಬ್ಬಿಣದ ಸೇತುವೆಯನ್ನು ರೈಲಿನಲ್ಲಿ ಎಷ್ಟೋ ಸಲ ದಾಟಿದ್ದೇನೆ. ರೈಲಿನೊಳಗೆ ಕೂತವರಿಗೆ ತಾವು ದಾಟುವ ಸೇತುವೆ ಕಾಣುವುದಿಲ್ಲ, ಗಡಗಡ ಸದ್ದಷ್ಟೇ. ಆ ಸದ್ದು ಶುರುವಾದರೆ ಈ ವಯಸ್ಸಿನಲ್ಲೂ ಎದ್ದು ಕಿಟಕಿಯಿಂದ ಕೆಳಗೆ ಬಗ್ಗಿ ನೋಡುತ್ತೇನೆ. ಅಪ್ಪ ಗಾಡಿಯಲ್ಲಿ ತಂದ ಮರ ಯಾವುದೋ, ಬೆರಳು ಮಾಡಿ ತೋರಿಸುವವರು ಯಾರೂ ಇಲ್ಲ.