ನಲವತ್ಮೂರು ಎಂದು ಬರೆದ ಪ್ರಶ್ನಕ್ಕ

ಬೆಳಗಿನ ಐದೂವರೆ. ವಿದೇಶಾಂಗ ಇಲಾಖೆಯ ಆರಂತಸ್ತಿನ ಕಟ್ಟಡದಲ್ಲಿ ದೀಪ ಉರಿಯುತ್ತಿರುವುದು ಎರಡೇ ಕಡೆ. ಒಂದು ಕಾವಲುಗಾರನ ಗೂಡಿನಲ್ಲಿ, ಇನ್ನೊಂದು ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ. ಅಲ್ಲಿ ಐವತ್ತೊಂಬತ್ತರ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲೇರಿಸಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ. ಮೂಡಣ ದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳಲ್ಲಿ ಈಗಷ್ಟೇ ಬಾಗಿಲು ತೆರೆಯುವ ಹೊತ್ತು. ಒಂಬತ್ತಾದರೆ ಪರದೇಶದ ಲೈನು ಮೇಲಿನ ಅಂತಸ್ತಿನವರ ಪಾಲಾಗುತ್ತದೆ.

"ಹಲೋ, ಹೊಸಬರಾ? ಆಯ್ತಪ್ಪ, ನೀನೇ ಹೇಳು. ನಿಮ್ಮಲ್ಲಿ ಪಾಸ್‌ಪೋರ್ಟ್ ನವೀಕರಣ ಎಷ್ಟು ಬಾಕಿ ಇದೆ? ಸುಮಾರು ಬೇಡ. ಸುಮಾರು ಅನ್ನೋದು ಅಂಕಿ ಅಲ್ಲ, ನೆಪ."

ಸಂಸತ್ತಿನಲ್ಲಿ ವಿದೇಶಾಂಗ ಮಂತ್ರಿಗಳು ಎದ್ದುನಿಂತು, ನೀಲಿ ಕಡತ ತೆರೆದು, "ಮಾನ್ಯ ಸಭಾಧ್ಯಕ್ಷರೇ, ಸರ್ಕಾರದ ನೀತಿ ಸ್ಪಷ್ಟವಾಗಿದೆ" ಎನ್ನುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ಕಡತದೊಳಗಿನ ಕಾಗದ ಹುಟ್ಟುವುದು ಈ ಕೋಣೆಯಲ್ಲಿ, ಈ ಪೆನ್ಸಿಲಿನ ತುದಿಯಲ್ಲಿ. ಇಲಾಖೆಯ ಜವಾನರಿಂದ ಹಿಡಿದು ಅಧಿಕಾರಿಗಳವರೆಗೆ ಎಲ್ಲರೂ ಇವರನ್ನು ಕರೆಯುವುದು ಪ್ರಶ್ನಕ್ಕ ಎಂದು. ಹುದ್ದೆ, ಹಿರಿಯ ಗುಮಾಸ್ತೆ. ಇಪ್ಪತ್ತೇಳು ವರ್ಷದಿಂದ ಅದೇ ಹುದ್ದೆ, ಅದೇ ಕುರ್ಚಿ.

ಅಧಿವೇಶನದ ದಿನಗಳಲ್ಲಿ ವಾರಕ್ಕೆ ಮೂವತ್ತೈದರಿಂದ ನಲವತ್ತು ಪ್ರಶ್ನೆ ಇಲ್ಲಿಗೆ ಬರುತ್ತವೆ. ಒಪ್ಪಂದ ಏನಾಯ್ತು, ವೀಸಾ ಯಾಕೆ ತಡ, ಸಹಾಯವಾಣಿಯಲ್ಲಿ ಫೋನ್ ಎತ್ತುವವರು ಯಾರು. ಒಂದೊಂದಕ್ಕೂ ಹದಿನೈದು ದಿನದ ಗಡುವು, ಏಳು ಸಹಿ. ಸದನದಲ್ಲಿ ಓದುವುದು ಎರಡು ಸಾಲು, ಅದರ ಬೆನ್ನಿಗೆ ಹತ್ತು-ಹದಿನೈದು ಪುಟದ ಟಿಪ್ಪಣಿ. ಸದಸ್ಯರು ಎದ್ದು ಮರುಪ್ರಶ್ನೆ ಹಾಕಿದರೆ ಮಂತ್ರಿ ತಬ್ಬಿಬ್ಬಾಗಬಾರದಲ್ಲ, ಅದಕ್ಕೆ. ಇದುವರೆಗೆ ಒಂಬತ್ತು ಸಾವಿರಕ್ಕೂ ಹೆಚ್ಚು ಉತ್ತರ, ಆರು ಮಂದಿ ಮಂತ್ರಿಗಳು.

"ಒಬ್ಬೊಬ್ಬರ ಉಸಿರು ಒಂದೊಂದು ಥರ" ಎನ್ನುತ್ತಾರೆ ಪ್ರಶ್ನಕ್ಕ. "ಎರಡನೆಯವರಿಗೆ ಉದ್ದ ವಾಕ್ಯ ಓದೋಕೆ ಆಗ್ತಿರಲಿಲ್ಲ, ಕೆಮ್ಮು ಬರೋದು. ನಾಲ್ಕನೆಯವರಿಗೆ 'ಷ' ಹೊರಳ್ತಿರಲಿಲ್ಲ. ನಾನು 'ವಿಷಯ' ಅಂತ ಬರೀತಾನೇ ಇರಲಿಲ್ಲ, 'ಸಂಗತಿ' ಅಂತಿದ್ದೆ. ಅವರಿಗೆ ಕೊನೇವರೆಗೂ ಗೊತ್ತಾಗಲಿಲ್ಲ."

ಮನೆಯಲ್ಲಿ ಇರುವವರು ಇಬ್ಬರೇ. ಗಂಡ ದರ್ಜಿ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಯಂತ್ರದೆದುರು ಸಣ್ಣ ಟಿವಿ. ಪ್ರಶ್ನೋತ್ತರ ಅವಧಿಯನ್ನು ಅವರು ಒಂದು ದಿನವೂ ತಪ್ಪಿಸುವುದಿಲ್ಲ. "ಇವಳ ಮಾತನ್ನ ನಾನು ಮನೇಲಿ ಕೇಳಲ್ಲ ಅಂತಾಳೆ, ಅದಕ್ಕೆ ಟಿವೀಲಿ ಕೇಳ್ತೀನಿ" ಎಂದು ನಗುತ್ತಾರೆ. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, "ನಾವಿಬ್ರೂ ಒಂದೇ ಕಸುಬಿನವರು ಬಿಡಿ. ಬೇರೆಯವರ ಅಳತೆಗೆ ಹೊಲಿಯೋರು" ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ಈ ಬರಹ ಶ್ರದ್ಧೆಯ ಗುಮಾಸ್ತೆಯೊಬ್ಬರ ಪರಿಚಯವಾಗಿ ಮುಗಿಯುತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಒಂದು ಪ್ರಶ್ನೆ ಬಂತು. ಅದರ ಕಥೆ ಕೇಳಿದ ಮೇಲೆ ನನಗೆ ತಣ್ಣಗೆ ಬರೆಯಲು ಆಗುತ್ತಿಲ್ಲ.

ಕೇಳಿದವರು ಮೊದಲ ಸಲ ಗೆದ್ದುಬಂದ ವಿರೋಧಪಕ್ಷದ ಸದಸ್ಯೆ, ಹಿಂದೆ ಶಾಲಾ ಶಿಕ್ಷಕಿಯಾಗಿದ್ದವರು. ಹೊರದೇಶಕ್ಕೆ ದುಡಿಯಲು ಹೋಗಿ ಸತ್ತವರಲ್ಲಿ ಎಷ್ಟು ಮಂದಿಯ ಶವ ಇನ್ನೂ ಊರು ಸೇರಿಲ್ಲ? ಕಾರಣವೇನು? ಎರಡೇ ಸಾಲಿನ ಪ್ರಶ್ನೆ.

ಪ್ರಶ್ನಕ್ಕ ಹತ್ತೊಂಬತ್ತು ರಾಯಭಾರ ಕಚೇರಿಗಳಿಗೆ ಫೋನು ಹಚ್ಚಿದರು. ಕೆಲವರು ನಾಳೆ ಎಂದರು, ಕೆಲವರು ನಮಗೆ ಸಂಬಂಧಿಸಿದ್ದಲ್ಲ ಎಂದರು. ಒಂದು ಬಂದರು ಪಟ್ಟಣದ ಕಚೇರಿಯವನು, "ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇವೆ ಮೇಡಂ, ಎಷ್ಟು ಅಂತ ಎಣಿಸಿಲ್ಲ" ಎಂದ.

"ನಂಗೆ ಮೈಯೆಲ್ಲ ಉರಿದುಹೋಯ್ತು. ಎಣಿಸಿಲ್ಲ ಅಂದ್ರೆ ಏನಪ್ಪ, ಅವು ಆಲೂಗಡ್ಡೆನಾ ಅಂದೆ. ಈಗಲೇ ಆಸ್ಪತ್ರೆಗೆ ಫೋನ್ ಮಾಡು, ಹೆಸರು ಸಮೇತ ಬರ್ಕೋ, ನಾನು ಲೈನಲ್ಲೇ ಇರ್ತೀನಿ ಅಂದೆ. ನಲವತ್ತು ನಿಮಿಷ ಹಿಡ್ಕೊಂಡಿದ್ದೆ. ಹನ್ನೊಂದು ಹೆಸರು ಹೇಳಿದ."

ಎಲ್ಲ ಕೂಡಿಸಿದಾಗ ಸಿಕ್ಕ ಲೆಕ್ಕ ನಲವತ್ಮೂರು. ಕೆಲವರು ತೀರಿಕೊಂಡು ಏಳು ತಿಂಗಳಾಗಿತ್ತು. ಕಾರಣ ಇನ್ನೂ ಹೇಸಿಗೆಯದು. ನಲವತ್ಮೂರರಲ್ಲಿ ಇಪ್ಪತ್ತಾರು ಮಂದಿ ಕಾಯುತ್ತಿದ್ದದ್ದು ಯಾವ ಪರದೇಶಿ ಮಾಲೀಕನ ಅಪ್ಪಣೆಗೂ ಅಲ್ಲ. ಮರಣ ಪತ್ರದ ಮೇಲೆ ನಮ್ಮದೇ ರಾಯಭಾರ ಕಚೇರಿ ಒತ್ತಬೇಕಿದ್ದ ಒಂದು ಮುದ್ರೆಗೆ. ಮುದ್ರೆ ಮೇಜಿನ ಮೇಲಿತ್ತು, ಮರಣ ಪತ್ರವೂ ಮೇಜಿನ ಮೇಲಿತ್ತು. ಒತ್ತುವ ಕೈಗೆ ಪುರುಸೊತ್ತಿರಲಿಲ್ಲ!

ಉತ್ತರದ ಕರಡು ಮೇಲಕ್ಕೆ ಹೋಯಿತು. ಮಧ್ಯಾಹ್ನಕ್ಕೆ ಉಪಕಾರ್ಯದರ್ಶಿಯಿಂದ ಕರೆ ಬಂತು. ಅವರ ಕೋಣೆಯಲ್ಲಿ ನಡೆದ ಮಾತನ್ನು ಪ್ರಶ್ನಕ್ಕ ಒಂದಕ್ಷರ ಹೆಚ್ಚಿಲ್ಲದೆ ಹೇಳುತ್ತಾರೆ.

"ಇದನ್ನ ಸದನದಲ್ಲಿ ಓದಿದ್ರೆ ಇಲಾಖೆ ಮರ್ಯಾದೆ ಹೋಗುತ್ತಲ್ರೀ."

"ಅದು ಹೋಗಿ ಏಳು ತಿಂಗಳಾಯ್ತು ಸರ್. ಇನ್ನೇನು ಹೋಗೋದು?"

"'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅಂತ ಹಾಕಿ."

"ಸಂಗ್ರಹ ಆಗಿದೆಯಲ್ಲ ಸರ್."

"ಹೇಳಿದಷ್ಟು ಮಾಡಿ."

ಹೇಳಿದಷ್ಟು ಮಾಡಿದರು. ಅಚ್ಚಾಗುವ ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದೇ ಹೋಯಿತು. ಆದರೆ ಕೈಗೆ ಸಿಕ್ಕ ಸಂಗತಿಯೆಲ್ಲ ಮಂತ್ರಿಯ ಕಡತದಲ್ಲಿ ಇರಬೇಕು ಎಂಬುದೂ ಇಲಾಖೆಯದೇ ನಿಯಮ. ನಲವತ್ಮೂರರ ಲೆಕ್ಕವಿದ್ದ ಹದಿನಾಲ್ಕನೇ ಪುಟವನ್ನೂ ಅದರ ಬೆನ್ನಿಗಿದ್ದ ಹೆಸರುಗಳ ಅನುಬಂಧವನ್ನೂ ಅವರು ಕಡತದಿಂದ ತೆಗೆಯಲಿಲ್ಲ. ಜೊತೆಗೆ ಟಿಪ್ಪಣಿ ಹಾಳೆಯಲ್ಲಿ ಶಾಯಿಯಲ್ಲೇ ಬರೆದರು: 'ಮಾಹಿತಿ ಈಗಾಗಲೇ ಸಂಗ್ರಹವಾಗಿದೆ. ಪುಟ ಹದಿನಾಲ್ಕು ನೋಡುವುದು.' ಕೆಳಗೆ ಸಹಿ, ತಾರೀಖು. ಮೇಲಿನವರು ಓದದೆ ಸಹಿ ಹಾಕಿ ಕಳಿಸಿದರು. ಓದದೆ ಸಹಿ ಹಾಕುವ ಚಟ ಜೀವಮಾನದಲ್ಲಿ ಒಂದು ಸಲವಾದರೂ ಒಳ್ಳೆಯದಕ್ಕೆ ಬಂತು.

ಸದನದಲ್ಲಿ ಮಂತ್ರಿ ಅಚ್ಚಾದ ಉತ್ತರ ಓದಿ ಕೂತರು. ಸದಸ್ಯೆ ಎದ್ದರು. "ಸತ್ತವರು ಎಷ್ಟು ಮಂದಿ ಅಂತಲೂ ಈ ಸರ್ಕಾರಕ್ಕೆ ಗೊತ್ತಿಲ್ವಾ?" ವಿರೋಧಪಕ್ಷದ ಸಾಲುಗಳೆಲ್ಲ ಎದ್ದು ನಿಂತವು. ಮಂತ್ರಿ ಎದ್ದು ಕಡತ ತಡಕಾಡಿದರು, ಪುಟ ತಿರುವಿದರು, ಹದಿನಾಲ್ಕಕ್ಕೆ ಬಂದು ನಿಂತರು. ಕಡತಗಳ ಕಟ್ಟು ಹೊತ್ತು ಹೊರಗಿನ ಮೊಗಸಾಲೆಯಲ್ಲಿ ಧ್ವನಿವರ್ಧಕದ ಕೆಳಗೆ ನಿಂತಿದ್ದ ಪ್ರಶ್ನಕ್ಕನಿಗೆ ಕಾಗದದ ಸರಪರ ಕೇಳಿಸಿತು. ಆಮೇಲೆ, "ನಲವತ್ಮೂರು."

"ಅವರಿಗೂ ಆವಾಗಲೇ ಗೊತ್ತಾದದ್ದು. ಇಪ್ಪತ್ತಾರಕ್ಕೆ ನಮ್ಮದೇ ಮುದ್ರೆ ಬಾಕಿ ಅನ್ನೋದನ್ನೂ ಓದಿದ್ರು, ಪಾಪ. ನುಂಗಬಹುದಿತ್ತು, ನುಂಗಲಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ."

ಎಲ್ಲರನ್ನೂ ಬೇಗ ಊರಿಗೆ ತರಿಸುತ್ತೇನೆ ಎಂದು ಮಂತ್ರಿ ಅಲ್ಲೇ ಮಾತು ಕೊಟ್ಟರು. ಮುದ್ರೆಗಾಗಿ ಕಾದಿದ್ದ ಇಪ್ಪತ್ತಾರು ಶವಗಳು ಹನ್ನೊಂದೇ ದಿನದಲ್ಲಿ ಮನೆ ಸೇರಿದವು. ಎರಡು ತಿಂಗಳೊಳಗೆ ಇನ್ನೂ ಹದಿನೈದು. ಉಳಿದ ಇಬ್ಬರನ್ನು ಮನೆಯವರ ಒಪ್ಪಿಗೆ ಪಡೆದು ಅಲ್ಲೇ ಮಣ್ಣು ಮಾಡಿದರು. ಏಳು ತಿಂಗಳು ಆಗದ ಕೆಲಸ ಹನ್ನೊಂದು ದಿನದಲ್ಲಿ ಆಯಿತು ಎಂದರೆ ಆ ಏಳು ತಿಂಗಳಿಗೆ ಹೊಣೆ ಯಾರು? ಯಾರೂ ಕೇಳಲಿಲ್ಲ. ಪತ್ರಿಕೆಗಳು ಮಾರನೇ ದಿನ 'ಮುಚ್ಚುಮರೆಯಿಲ್ಲದ ಮಂತ್ರಿ' ಎಂದು ಹಾಡಿ ಹೊಗಳಿದವು. ಆ ತಲೆಬರಹ ಕೊಟ್ಟವರಲ್ಲಿ ನಾನೂ ಒಬ್ಬ. ಪುಟ ಹದಿನಾಲ್ಕು ಬರೆದವರು ಯಾರು ಎಂದು ವಿಚಾರಿಸುವ ಬುದ್ಧಿ ನನಗೂ ಬರಲಿಲ್ಲ.

ನಾಲ್ಕನೇ ದಿನ ಪ್ರಶ್ನಕ್ಕನ ಮೇಜಿಗೆ ನೋಟಿಸು ಬಂತು. ಮೇಲಧಿಕಾರಿಯ ಸೂಚನೆ ಮೀರಿದ ಅಶಿಸ್ತು. ಬಡ್ತಿಯ ಪಟ್ಟಿಯಿಂದ ಅವರನ್ನು ಕೈಬಿಟ್ಟು, ಹಳೇ ಕಾಗದಗಳ ಕೋಣೆಗೆ ಹಾಕಿದರು. ಐದು ತಿಂಗಳು ದಾರ ಕಟ್ಟುವ, ಧೂಳು ಕೊಡವುವ ಕೆಲಸ. "ಧೂಳಿಗೆ ಕೆಮ್ಮು ಹತ್ತಿಕೊಂಡಿತು. ಎರಡನೇ ಮಂತ್ರಿ ನೆನಪಾದ್ರು" ಎಂದು ಅದನ್ನೂ ನಗೆಯಲ್ಲೇ ತೇಲಿಸುತ್ತಾರೆ. ನನಗೆ ನಗು ಬರಲಿಲ್ಲ. 'ಹೇಳಿದಷ್ಟು ಮಾಡಿ' ಎಂದಿದ್ದ ಉಪಕಾರ್ಯದರ್ಶಿ ಈಗ ತಂಪು ಹವೆಯ ಒಂದು ದೇಶದಲ್ಲಿ ರಾಯಭಾರ ಕಚೇರಿಯ ಎರಡನೇ ಯಜಮಾನರು. ಕುದುರೆಗೆ ಬರೆ, ಕತ್ತೆಗೆ ಜೀನು!

ಆ ಐದು ತಿಂಗಳಲ್ಲಿ ಮಂತ್ರಿಗಳು ಮೂರು ಸಲ ಸದನದಲ್ಲಿ ಎದ್ದುನಿಂತು, ಹಿಂದೆ ಕೊಟ್ಟ ಉತ್ತರ ತಪ್ಪಾಗಿತ್ತು ಎಂದು ತಿದ್ದಿಕೊಳ್ಳಬೇಕಾಯಿತು. ಆಮೇಲೆ ಪ್ರಶ್ನಕ್ಕನನ್ನು ಸದ್ದಿಲ್ಲದೆ ಹಳೇ ಕುರ್ಚಿಗೆ ಕರೆದು ಕೂರಿಸಿದರು. ನೋಟಿಸು ಮಾತ್ರ ಇಂದಿಗೂ ಹಿಂದಕ್ಕೆ ಹೋಗಿಲ್ಲ. ಯಾಕೆ ಎಂದು ನಾನು ಇಲಾಖೆಯ ವಕ್ತಾರರನ್ನು ಬರಹದಲ್ಲಿ ಕೇಳಿದೆ. ಆರು ದಿನದ ಮೇಲೆ ಉತ್ತರ ಬಂತು: "ಮಾಹಿತಿ ಸಂಗ್ರಹಿಸಲಾಗುತ್ತಿದೆ."

ಇದನ್ನೆಲ್ಲ ಬರೆದರೆ ನಿಮಗೆ ತೊಂದರೆಯಾಗದೇ ಎಂದೆ. "ಬರೀರಿ. ನಿವೃತ್ತಿಗೆ ನಾಲ್ಕು ತಿಂಗಳಿದೆ. ಇನ್ನೂ ಕೆಳಗೆ ಹಾಕೋಕೆ ಈ ಕಟ್ಟಡಕ್ಕೆ ಇನ್ನೊಂದು ನೆಲಮಾಳಿಗೆ ಇಲ್ಲ" ಎಂದರು.

ಕಳೆದ ವರ್ಷ ಒಬ್ಬ ಹೆಂಗಸು ತಂಗಿಯ ಜೊತೆ ಇಲಾಖೆಯ ಸ್ವಾಗತ ಕೋಣೆಗೆ ಬಂದಿದ್ದರಂತೆ. ಗಂಡ ಕಟ್ಟಡ ಕೆಲಸದಲ್ಲಿ ಬಿದ್ದು ಸತ್ತವನು, ಬಂದರು ಪಟ್ಟಣದ ಆ ಹನ್ನೊಂದು ಮಂದಿಯಲ್ಲಿ ಒಬ್ಬ. ಅವನನ್ನು ಊರಿಗೆ ತರಿಸಿದ ಮಂತ್ರಿಗಳಿಗೆ ಒಂದು ಮಾತು ಹೇಳಿ ಹೋಗಬೇಕು ಎಂದು ಮೂರು ಗಂಟೆ ಕಾದಿದ್ದರು. ಮಂತ್ರಿ ಪ್ರವಾಸದಲ್ಲಿದ್ದರು. ಟಪಾಲು ತೆಗೆದುಕೊಳ್ಳಲು ಹೋದ ಪ್ರಶ್ನಕ್ಕ ಅವರ ಪಕ್ಕದಲ್ಲೇ ಕೂತು ಮಾತಾಡಿಸಿದರು. ತಾನು ಯಾರೆಂದು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನಾನು ಕೊಂಚ ಜೋರಾಗಿಯೇ ಕೇಳಿದೆ.

"ಹೇಳಿ ಏನಾಗ್ಬೇಕಿತ್ತು? ಆಯಮ್ಮ ಇನ್ನೊಂದು ಸಲ ಅಳಬೇಕಿತ್ತಾ? ಮರಣ ಪತ್ರದಲ್ಲಿ ಗಂಡನ ಹೆಸರು ಸರಿಯಾಗಿ ಬಂದಿದೆಯಾ ಅಂತ ಕೇಳಿದೆ. ಒಂದು ದೀರ್ಘ ತಪ್ಪಿತ್ತು. ಅವತ್ತೇ ತಿದ್ದಿಸಿ ಕೊಟ್ಟೆ. ಇಲ್ದಿದ್ರೆ ಪಿಂಚಣಿ ಆಫೀಸಲ್ಲಿ ಇನ್ನೊಂದು ವರ್ಷ ಅಲೆಸ್ತಿದ್ರು."

ನಿವೃತ್ತಿಗೆ ಮುಂಚೆ ಏನಾದರೂ ಆಸೆ ಇದೆಯೇ? ಬಡ್ತಿ ಎನ್ನಬಹುದು, ನೋಟಿಸು ರದ್ದು ಎನ್ನಬಹುದು ಎಂದುಕೊಂಡಿದ್ದೆ. ಪ್ರಶ್ನಕ್ಕ ಕಪಾಟಿನಿಂದ ಸಂಸತ್ತಿನ ನಡಾವಳಿಯ ದಪ್ಪ ಸಂಪುಟ ತೆಗೆದು ಆ ದಿನದ ಪುಟ ತೋರಿಸಿದರು. ಮಂತ್ರಿಯ ಮಾತು, ಸದಸ್ಯೆಯ ಮಾತು, ಮೇಜು ಕುಟ್ಟಿದ ಸದ್ದು ಎಲ್ಲ ಅಚ್ಚಾಗಿದೆ. ಕೊನೆಗೆ ಕಂಸದಲ್ಲಿ ಒಂದು ಸಾಲು: 'ಹೆಸರುಗಳ ಅನುಬಂಧವನ್ನು ಮುದ್ರಿಸಿಲ್ಲ.'

"ಜಾಗ ಇಲ್ಲ ಅಂದ್ರು. ಮೇಜು ಕುಟ್ಟಿದ್ದಕ್ಕೆ ಜಾಗ ಇದೆ ನೋಡಿ. ನಾಲ್ಕು ಸಲ ಬರೆದು ಕೇಳಿದೀನಿ, ಐದನೇ ಸಲ ಇವತ್ತು ಬರೀತೀನಿ. ನಲವತ್ಮೂರು ಅಂದ್ರೆ ಯಾರು ಹೇಳಿ? ಯಾರೂ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು ಸಾಕು. ಹೆಸರು, ಊರು, ಮಾಡ್ತಿದ್ದ ಕೆಲಸ. ಒಟ್ಟು ಒಂದೂವರೆ ಪುಟ ಆಗುತ್ತೆ. ನಾನು ಟೈಪ್ ಮಾಡಿ ಇಟ್ಟಿದೀನಿ."