ಮೆಲ್ಲಗೆ ಮಾವನಿಗೆ ಕಾಣದ ಅಂಕಿ

ಆಸ್ಪತ್ರೆಯ ವ್ಯಾನು ಓಡಿಸುವ ಆರು ಜನರಲ್ಲಿ ಎಲ್ಲರಿಗಿಂತ ಹಿರಿಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವನು ಮೆಲ್ಲಗೆ ಮಾವ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು, ಸೊಂಟದ ಮೂಳೆ ಮುರಿದವರು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮುಗಿಸಿ ಜೀವ ಹಿಡಿಯಷ್ಟಾಗಿ ಮನೆಗೆ ಹೊರಡುವವರು, ಎಲ್ಲರೂ ಕೇಳುವುದು ಒಂದೇ: “ಮೆಲ್ಲಗೆ ಮಾವ ಇದಾರಾ?” ಇಲ್ಲವೆಂದರೆ ಅರ್ಧ ಗಂಟೆ ಕಾದು ಅವನ ವ್ಯಾನಿಗೇ ಹತ್ತುತ್ತಿದ್ದರು. ಮಿಕ್ಕ ಡ್ರೈವರುಗಳಿಗೆ ಹೊಟ್ಟೆಯುರಿ ಇರಲಿಲ್ಲವೇ ಎಂದರೆ, ಇತ್ತು, ಮುಚ್ಚಿಡುವುದೇಕೆ. ಆದರೆ ತಮ್ಮ ತಮ್ಮ ಅಮ್ಮಂದಿರನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವ ದಿನ ಬಂದಾಗ ಅವರೂ ಬಂದು ನಿಲ್ಲುತ್ತಿದ್ದದ್ದು ಅವನ ಮುಂದೆಯೇ.

ಇಪ್ಪತ್ತೆಂಟು ವರ್ಷ ಅವನು ವ್ಯಾನು ಓಡಿಸಿದ್ದು ಕಿವಿಯಿಂದ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಹಳೆಯ ಡೀಸೆಲ್ ವ್ಯಾನಿನ ಸ್ಪೀಡಿನ ಮುಳ್ಳು ಒಂಬತ್ತು ವರ್ಷ ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಅದು ಕೆಟ್ಟಿದೆ ಎಂದು ಆಸ್ಪತ್ರೆಗೆ ಗೊತ್ತಾದದ್ದು ವ್ಯಾನನ್ನು ಗುಜರಿಗೆ ಹಾಕುವ ದಿನ. ಇಂಜಿನ್ನು ಗುಂಯ್ ಅಂದರೆ ಮೂವತ್ತು, ಸ್ವಲ್ಪ ಗಂಟಲು ಬಿಗಿಹಿಡಿದರೆ ನಲವತ್ತು. ಅದಕ್ಕಿಂತ ಮೇಲಿನ ದನಿ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ವರ್ಷ ಒಂದರ ಹಿಂದೆ ಒಂದರಂತೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ದೂರದ್ದೆಲ್ಲ ತೊಳೆದಿಟ್ಟ ಹಾಗೆ ಕಾಣತೊಡಗಿತು. ಹತ್ತಿರದ್ದಕ್ಕೆ ಮಾತ್ರ ಓದುವ ಕನ್ನಡಕ ಬೇಕು. ಅವನ ಹೆಂಡತಿ ಅದೇ ಆಸ್ಪತ್ರೆಗೆ ರೋಗಿಗಳ ನಿಲುವಂಗಿ ಹೊಲಿದುಕೊಡುವವಳು. ಅವಳು ಕನ್ನಡಕದ ಅಂಗಡಿಗೆ ಒಬ್ಬಳೇ ಹೋಗಿ ಅಲ್ಲಿದ್ದ ಒಳ್ಳೆಯ ಕಪ್ಪು ಕನ್ನಡಕ ಆರಿಸಿ ತಂದಳು. “ಗಾಜಿನ ಮೇಲೆ, ನೀರಿನ ಮೇಲೆ ಬಿದ್ದು ಬರೋ ಹೊಳಪನ್ನೆಲ್ಲ ಇದು ತಿಂದುಹಾಕತ್ತಂತೆ ರೀ, ಅಂಗಡಿಯವನೇ ಹೇಳಿದ. ಹಗಲು ಮನೆ ಹೊಸ್ತಿಲು ದಾಟಿದ್ರೆ ಮತ್ತೆ ಒಳಗೆ ಬರೋವರೆಗೂ ಇದನ್ನ ತೆಗೀಬಾರದು. ತೆಗೆದ್ರೆ ನನ್ನಾಣೆ.” ಡಾಕ್ಟರು ಕಪ್ಪು ಕನ್ನಡಕ ಹಾಕಿಕೊಳ್ಳಲು ಹೇಳಿದ್ದು ಆರು ವಾರ. ಇವಳ ಆಣೆಗೆ ಗಡುವೇ ಇರಲಿಲ್ಲ.

ಬೇರೆ ಗಂಡಸಾಗಿದ್ದರೆ ಮೂಲೆ ತಿರುಗಿದ ಕೂಡಲೇ ತೆಗೆದು ಜೇಬಿಗೆ ಹಾಕುತ್ತಿದ್ದ. ಇವನು ಶೆಡ್ಡಿನ ಕತ್ತಲಲ್ಲಿ ಎಡವಿದ, ಕ್ಯಾಂಟೀನಿನಲ್ಲಿ ಉಪ್ಪನ್ನು ಚಹಾಕ್ಕೆ ಹಾಕಿಕೊಂಡ, ಕನ್ನಡಕ ಮಾತ್ರ ತೆಗೆಯಲಿಲ್ಲ. ಅದಕ್ಕೇ ಈ ಕಥೆ.

ಅವನು ರಜೆ ಮುಗಿಸಿ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಕರೆಂಟಿನ ವ್ಯಾನುಗಳು ಬಂದು ನಿಂತಿದ್ದವು. ಎರಡೇ ಬಂದಿದ್ದವು, ಪರೀಕ್ಷೆಗೆಂದು. ಒಂದರಲ್ಲಿ ಸ್ಪೀಡು ಡ್ರೈವರನ ಮುಂದಿನ ಪರದೆಯ ಮೇಲೆ. ಇನ್ನೊಂದರಲ್ಲಿ ಮುಂದಿನ ಗಾಜಿನ ಮೇಲೇ, ರಸ್ತೆಯ ಮೇಲೆ ತೇಲಿದ ಹಾಗೆ ಹಸಿರು ಅಂಕಿ. ಅದು ಡ್ರೈವರು ಕೂರುವ ಜಾಗದಿಂದ ಮಾತ್ರ ಕಾಣುತ್ತದೆ. ಡ್ರೈವರುಗಳು ಅದಕ್ಕೆ ಗಾಜಿನ ಮೀಟರು ಎಂದು ಹೆಸರಿಟ್ಟರು. ಮುಂದೆ ಕೊಳ್ಳುವ ಹತ್ತು ವ್ಯಾನುಗಳಿಗೆ ಗಾಜಿನ ಮೀಟರು ಬೇಕೋ ಬೇಡವೋ ಎಂದು ಎಲ್ಲರೂ ಎರಡು ತಿಂಗಳು ಸರದಿಯ ಮೇಲೆ ಓಡಿಸಿ ಬರೆದುಕೊಡಬೇಕು. ಒಬ್ಬ ಬೇಕೇಬೇಕು ಅಂದ. ಇನ್ನೊಬ್ಬ, “ದಾರಿ ನೋಡೋ ಗಾಜಿನ ಮೇಲೆ ಲೆಕ್ಕ ಬರೆದ್ರೆ ಹೆಂಗಪ್ಪಾ, ನಾಳೆ ಅದರ ಮೇಲೇ ಸಿನಿಮಾನೂ ಹಾಕ್ತಾರೆ” ಅಂದ. ವಾಹನ ವಿಭಾಗದ ಮೇಡಂ ಗಾಜಿನ ಮೀಟರಿನ ವ್ಯಾನನ್ನು ಹೆಚ್ಚು ದಿನ ಮೆಲ್ಲಗೆ ಮಾವನಿಗೇ ಕೊಟ್ಟರು. “ನಿಮ್ಮ ಮಾತು ನಂಗೆ ಮುಖ್ಯ ಮಾವ” ಅಂದರು.

ಮಾವ ಸೀಟಿನಲ್ಲಿ ಕುಳಿತು ಗಾಜು ನೋಡಿದ. ಏನೂ ಇಲ್ಲ. ಎದುರಿನ ಗೋಡೆ ಇದೆ, ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು ಇದೆ, ಅಂಕಿ ಇಲ್ಲ. ಕತ್ತು ಓರೆ ಮಾಡಿದಾಗ ಹಸಿರಿನದೊಂದು ನೆರಳು ಹಾದುಹೋದಂತಾಯಿತು; ನೆಟ್ಟಗೆ ಕೂತರೆ ಅದೂ ಇಲ್ಲ. “ಕಾಣ್ತಿದೆಯಾ ಮಾವ?” ಎಂದು ಮೇಡಂ ಹೊರಗಿನಿಂದ ಕೇಳಿದರು. ಸುತ್ತ ಐದು ಜನ ಡ್ರೈವರುಗಳು ನಿಂತಿದ್ದರು. ಅವನ ಬಾಯಿಂದ “ಓ, ಚೆನ್ನಾಗಿ ಕಾಣ್ತಿದೆ” ಎಂಬ ಮಾತು ಬಂದುಬಿಟ್ಟಿತು.

ಆಡಿದ ಸುಳ್ಳು ಅಷ್ಟೇ. ಆದರೆ ಅದು ನುಂಗಲೂ ಆಗದ ಉಗುಳಲೂ ಆಗದ ತುತ್ತಾಯಿತು. ಆ ವ್ಯಾನಿಗೆ ಇಂಜಿನ್ನಿನ ದನಿಯೇ ಇಲ್ಲ, ಹಾಗಾಗಿ ಕಿವಿ ಉಪಯೋಗಕ್ಕೆ ಬರಲಿಲ್ಲ. ಸ್ಪೀಡು ನಡುವಿನ ಪರದೆಯ ಮೂಲೆಯಲ್ಲೂ ಸಾಸಿವೆ ಗಾತ್ರದಲ್ಲಿ ಬರುತ್ತಿತ್ತು, ಅದನ್ನು ನೋಡಲು ಓದುವ ಕನ್ನಡಕ ಬೇಕು, ಅದನ್ನು ಹಾಕಿಕೊಂಡರೆ ರಸ್ತೆ ಮಂಜು. ಅವನು ಎಲ್ಲರಿಗಿಂತ ನಿಧಾನವಾಗಿ ಓಡಿಸತೊಡಗಿದ. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ಮೊದಲೇ ಮೆಲ್ಲಗೆ ಮಾವ, ಈಗ ನಿಂತೇಹೋದ ಎಂದು ಶೆಡ್ಡಿನಲ್ಲಿ ನಗೆಯಾಯಿತು. ಅವನಿಗೆ ನಗು ಬರಲಿಲ್ಲ. ಆಪರೇಷನ್ ಕೆಟ್ಟಿದೆ, ಕಣ್ಣಿನೊಳಗೆ ಏನೋ ಆರಿಹೋಗುತ್ತಿದೆ ಎಂದೇ ನಂಬಿದ. ಕಣ್ಣಿನ ಡಾಕ್ಟರು ಕೂರುತ್ತಿದ್ದದ್ದು ಶೆಡ್ಡಿನಿಂದ ಮೂರೇ ಬಾಗಿಲು ಆಚೆ. ಆ ಬಾಗಿಲು ತಟ್ಟಲು ಧೈರ್ಯ ಸಾಲಲಿಲ್ಲ. ಅವರು ಕಾಗದದ ಮೇಲೆ ಬರೆದುಬಿಟ್ಟರೆ ಆಯಿತು, ಸ್ಟಿಯರಿಂಗ್ ಹೋದಂತೆಯೇ.

ಗುಟ್ಟು ಮೊದಲು ಹಿಡಿದವರು ಟೀಚರಮ್ಮ. ನಲವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಹೆಂಗಸು, ಈಗ ಡಯಾಲಿಸಿಸ್‌ಗೆ ಬರುತ್ತಾರೆ, ಮುಂದಿನ ಪಕ್ಕದ ಸೀಟೇ ಬೇಕು ಅವರಿಗೆ. ಒಂದು ಮಂಗಳವಾರ, ದಾರಿಯ ಮೇಲೆ ಕಣ್ಣಿಟ್ಟೇ, “ಇಪ್ಪತ್ತಾರು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಮೂವತ್ತೊಂದು.”

“ಏನ್ ಟೀಚರಮ್ಮ ಅದು?”

“ನಡುವಿನ ಪರದೆ ಓದ್ತಿದೀನಪ್ಪ. ಹೊತ್ತು ಹೋಗ್ಬೇಕಲ್ಲ.” ಆಮೇಲೆ ಮೆಲ್ಲನೆ ಅಂದರು: “ನಲವತ್ತು ವರ್ಷ ಮಕ್ಕಳನ್ನ ನೋಡಿದೀನಿ. ಬೋರ್ಡ್ ಕಾಣ್ದೇ ಇದ್ರೂ ಕಾಣ್ತಿದೆ ಅನ್ನೋ ಮಗು ಹೆಂಗೆ ಕೂತಿರತ್ತೆ ಅಂತ ನಂಗೊತ್ತು.”

ಅಂದಿನಿಂದ ಟೀಚರಮ್ಮ ಹತ್ತಿದ ದಿನವೆಲ್ಲ ವ್ಯಾನು ಸಲೀಸಾಗಿ ಓಡಿತು. ಪ್ರತಿ ಸಲ ಇಳಿಯುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಮನೇಲಿ ಹೇಳಪ್ಪ. ಇಂಥದ್ದನ್ನೆಲ್ಲ ಒಬ್ಬನೇ ಹೊರಬಾರದು.”

ಹೀಗಿರುವಾಗ ನೋಟೀಸು ಬಂತು. ಶನಿವಾರ ಮೇಡಂ ಒಬ್ಬೊಬ್ಬರ ಪಕ್ಕ ಕೂತು ಬರುತ್ತಾರೆ. ಕೇಳಿದಾಗ ಗಾಜಿನ ಅಂಕಿ ಓದಿ ಹೇಳಬೇಕು. ಓದಲಾಗದವರಿಗೆ ಗೇಟಿನ ಕೆಲಸ. ಅವನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಗೇಟಿನಲ್ಲಿ ಕೂತರೆ ಸಂಬಳಕ್ಕೇನೂ ಮೋಸವಿರಲಿಲ್ಲ. ಆದರೆ ‘ಮೆಲ್ಲಗೆ ಮಾವ ಇದಾರಾ’ ಎಂದು ಯಾರಾದರೂ ಕೇಳಿದಾಗ, ಗೇಟಿನ ಸ್ಟೂಲಿನ ಮೇಲೆ ಕೂತು ಅದನ್ನು ಕೇಳಿಸಿಕೊಳ್ಳುವುದು ಹೇಗೆ? ಅವನಿಗೆ ಅದನ್ನು ನೆನೆದರೇ ಅನ್ನ ಇಳಿಯುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೆಂಡತಿ ನಿಲುವಂಗಿಗಳ ಗಂಟು ಕೊಡಲು ಆಸ್ಪತ್ರೆಗೆ ಬಂದಳು. ಕೊಟ್ಟು ಮುಗಿಸಿ ನೇರ ಶೆಡ್ಡಿಗೆ ನಡೆದು ವ್ಯಾನಿನ ಪಕ್ಕದ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

“ಬುತ್ತಿ ದಿನಾ ಹಂಗೇ ವಾಪಸ್ ಬರ್ತಿದೆ. ಏನಾಗಿದೆ ಹೇಳಿ. ಹೇಳೋವರೆಗೂ ನಾನಿಳಿಯಲ್ಲ.”

ಅವನು ಸ್ಟಿಯರಿಂಗನ್ನು ಸವರುತ್ತ ಕುಳಿತ. ಕೊನೆಗೆ, “ಗಾಜಿನ ಮೇಲೆ ಅಂಕಿ ಬರತ್ತಂತೆ ಕಣೇ. ನಂಗೆ ಕಾಣಲ್ಲ. ಒಂದಿನಾನೂ ಕಂಡಿಲ್ಲ” ಎಂದ.

“ವ್ಯಾನಿಂದೇ ಏನೋ ಕೆಟ್ಟಿರತ್ತೆ. ಇಳೀರಿ, ನಾನು ನೋಡ್ತೀನಿ.” ಅವನು ಸ್ವಿಚ್ಚು ಹಾಕಿ ಇಳಿದ, ಅವಳು ಡ್ರೈವರನ ಸೀಟಿಗೆ ಬಂದು ಕೂತಳು. ಅವನು ಕೆಳಗೆ ನಿಂತು ಬಾಗಿಲು ಹಿಡಿದುಕೊಂಡು ಅವಳ ಮುಖವನ್ನೇ ನೋಡಿದ. ಅವಳು ಗಾಜಿನತ್ತ ನೋಡಿದಳು.

“ಕಾಣ್ತಿದೆಯಾ?”

“ಹೂಂ,” ಅಂದಳು ಬಹಳ ಹೊತ್ತಿಗೆ. “ಸೊನ್ನೆ. ಹಸಿರು ಬಣ್ಣ.”

ಹೋಯಿತು ಎಂದುಕೊಂಡ ಮಾವ. ಕಣ್ಣಿನಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು, ಎರಡು ತಿಂಗಳಲ್ಲಿ ಮೊದಲ ಬಾರಿಗೆ, ಹೊಸ್ತಿಲಾಚೆ ಕನ್ನಡಕ ತೆಗೆದ. ಆಣೆ ಮುರಿದದ್ದೂ ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಅಳು ಒತ್ತಿ ಬಂತು. ಗಂಡ ಅಳುವಾಗ ತಾನೂ ಅತ್ತರೆ ಅವನು ಇನ್ನಷ್ಟು ಕುಗ್ಗುತ್ತಾನೆಂದು ಅವನ ಕೈಯಲ್ಲಿದ್ದ ಕಪ್ಪು ಕನ್ನಡಕ ಕಿತ್ತುಕೊಂಡು ತನ್ನ ಕಣ್ಣಿಗೆ ಹಾಕಿಕೊಂಡು ಮುಖ ಗಾಜಿನತ್ತ ತಿರುಗಿಸಿದಳು. ಹಾಗೇ ಕೂತಳು. ಕನ್ನಡಕ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು.

“ರೀ.”

“ಏನು?”

“ಬನ್ನಿ ಇಲ್ಲಿ. ಕನ್ನಡಕ ಇಲ್ದೆ ಕೂತು ನೋಡಿ.”

ಕೂತ. ಎದುರಿನ ಗೋಡೆ ಇತ್ತು, ಕೆಂಪು ಸಿಲಿಂಡರು ಇತ್ತು, ಅದರ ಕೆಳಗೆ ಅಂಗೈಯಗಲದ ಹಸಿರು ಸೊನ್ನೆ ಇತ್ತು. ಓದುವ ಕನ್ನಡಕವೂ ಬೇಕಿರಲಿಲ್ಲ, ಅಂಕಿ ಗಾಜಿನಾಚೆ ದೂರದಲ್ಲಿ ತೇಲಿ ನಿಂತಂತಿತ್ತು, ಅಷ್ಟು ಸ್ಪಷ್ಟವಾಗಿತ್ತು. ಗಾಜಿನ ಮೇಲಿನ ಹೊಳಪನ್ನೆಲ್ಲ ತಿಂದುಹಾಕುತ್ತದೆ ಎಂದಿದ್ದನಲ್ಲ ಅಂಗಡಿಯವನು, ಪುಣ್ಯಾತ್ಮ, ಸುಳ್ಳು ಹೇಳಿರಲಿಲ್ಲ. ಆ ಅಂಕಿಯೂ ಗಾಜಿನ ಮೇಲೆ ಬಿದ್ದ ಹೊಳಪೇ ತಾನೆ. ಕನ್ನಡಕ ಅದನ್ನೂ ತಿಂದಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇವನು ಮೂಗಿನ ಮೇಲೆ ಇಟ್ಟುಕೊಂಡು ಹುಡುಕಿದ್ದ.

ಅವಳು ಈಗ ಯಾವ ಮುಚ್ಚುಮರೆಯೂ ಇಲ್ಲದೆ ಅತ್ತಳು. “ನನ್ನಾಣೆ ಹಾಕಿ ನಾನೇ ನಿಮ್ಮ ಕೆಲಸ ಕಳೀತಿದ್ನಲ್ರೀ.”

“ಕಣ್ಣು ಹೋಯ್ತು ಅಂದ್ಕೊಂಡಿದ್ದೆ, ಸಿಕ್ತಲ್ಲ. ಅದಕ್ಯಾಕೆ ಅಳ್ತೀಯ ಮಾರಾಯ್ತಿ,” ಎಂದು ಅವನೂ ಅತ್ತ. ಆ ಕಡೆ ಹಾದುಹೋದ ಒಬ್ಬ ಡ್ರೈವರು ವ್ಯಾನಿನೊಳಗೆ ಇಣುಕಿ, ಗಂಡ ಹೆಂಡತಿ ಅಳುತ್ತಳುತ್ತ ನಗುವುದನ್ನು ಕಂಡು, ನಮಗ್ಯಾಕೆ ಎಂದು ಹೊರಟುಹೋದ.

ಅಂದು ಸಂಜೆ ಅವಳು ನಿಲುವಂಗಿಯ ಉಳಿಕೆ ಬಟ್ಟೆಯಲ್ಲಿ ಅಗಲ ಅಂಚಿನ ಟೋಪಿ ಹೊಲಿದಳು, ಕಣ್ಣಿಗೆ ನೆರಳಾಗಲೆಂದು. ಆಣೆಯನ್ನು ಟೋಪಿಗೆ ವರ್ಗಾಯಿಸಿದ್ದೇನೆ ಎಂದಳು.

ಶನಿವಾರ ಮೇಡಂ ಪಕ್ಕದ ಸೀಟಿನಲ್ಲಿ ಕೂತರು. ಟೀಚರಮ್ಮನಿಗೆ ಅಂದು ಹಿಂದಿನ ಸೀಟು. ಮೇಡಂ “ಈಗೆಷ್ಟು ಮಾವ?” ಎಂದಾಗಲೆಲ್ಲ ಅವನು ದಾರಿಯಿಂದ ಕಣ್ಣು ಕೀಳದೆ ಹೇಳಿದ: ಇಪ್ಪತ್ತೆರಡು, ಮೂವತ್ತು, ಮೂವತ್ತನಾಲ್ಕು. ಮೇಡಂ ನಡುವಿನ ಪರದೆ ನೋಡಿ ಟಿಕ್ ಹಾಕಿಕೊಂಡರು. ಸೇತುವೆ ಹತ್ತುವ ಹೊತ್ತಿಗೆ ಅವನು ಇದ್ದಕ್ಕಿದ್ದಂತೆ ಇಪ್ಪತ್ತಕ್ಕೆ ಇಳಿಸಿದ. “ಯಾಕೆ ಮಾವ, ರಸ್ತೆ ಖಾಲಿ ಇದೆಯಲ್ಲ?” ಎಂದು ಮೇಡಂ ಕೇಳಿದರು.

“ಹಿಂದೆ ಟೀಚರಮ್ಮ ನರಳಿದ್ರು.”

ಮೇಡಂ ಹಿಂದೆ ತಿರುಗಿ ನೋಡಿದರು. ಟೀಚರಮ್ಮ ಡಯಾಲಿಸಿಸ್ ಸೂಜಿ ಚುಚ್ಚಿದ್ದ ಕೈಯ ನೋವಿಗೆ ಕಣ್ಣು ಮುಚ್ಚಿಕೊಂಡಿದ್ದರು. ಅವರು ನರಳಿದ್ದು ಮಾವನ ಪಕ್ಕದಲ್ಲೇ ಕೂತಿದ್ದ ಮೇಡಂಗೆ ಕೇಳಿರಲಿಲ್ಲ. ಮನೆ ಬಾಗಿಲಲ್ಲಿ ಇಳಿಯುವಾಗ ಟೀಚರಮ್ಮ ಅವನ ಭುಜ ತಟ್ಟಿ, “ನೂರಕ್ಕೆ ನೂರು” ಅಂದರು.

ಶೆಡ್ಡಿಗೆ ಮರಳಿದ ಮೇಲೆ ಮಾವ ಓದುವ ಕನ್ನಡಕ ಹಾಕಿಕೊಂಡು ಅಭಿಪ್ರಾಯದ ಕಾಗದ ತುಂಬಿದ. ಅರ್ಧ ಪುಟಕ್ಕೆ ಒಂದು ಗಂಟೆ ಹಿಡಿಯಿತು. ರಾತ್ರಿ ಊಟಕ್ಕೆ ಮುಂಚೆ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಲೇ ಕೇಳಿದಳು, “ಏನಂತ ಬರೆದ್ರಿ? ಬೇಕು ಅಂತಲೋ ಬೇಡ ಅಂತಲೋ?”

“ಬೇಕು ಅಂತ. ಕೊಡೋ ಮುಂಚೆ ಡ್ರೈವರ್ ಹಾಕೋ ಕನ್ನಡಕ ಯಾವುದು ಅಂತ ಕೇಳಿ ಅಂತಲೂ ಬರೆದೆ.” ಆಮೇಲೆ ಅಂದ: “ಇಷ್ಟು ವರ್ಷ ನನ್ನ ಕಿವಿ ಇಂಜಿನ್ ಹತ್ರಾನೇ ಇತ್ತು ಕಣೇ. ಹಿಂದೆ ಕೂತೋರು ಎಷ್ಟು ನರಳಿದ್ರೋ ಏನೋ, ನಂಗೆ ಕೇಳಿಸ್ಲೇ ಇಲ್ಲ. ಈ ವ್ಯಾನು ಸುಮ್ಮನಿರತ್ತೆ. ಸ್ಪೀಡನ್ನ ಕಣ್ಣು ನೋಡ್ಕೊಳ್ಳಲಿ, ಕಿವಿ ಅವ್ರಿಗಿರಲಿ ಅಂತ ಬರೆದೆ.”

ಅವಳು ತುಳಿಯುವುದನ್ನು ನಿಧಾನ ಮಾಡಿದಳು. “ಹಿಂದೆ ಕೂತೋರು ಮಾತ್ರ ಅಲ್ಲ,” ಅಂದಳು, ನಗುತ್ತಲೇ, ಆದರೆ ಪೂರ್ತಿ ನಗೆಯಲ್ಲ ಅದು. “ಮನೇಲಿ ನಾನಾಡಿದ್ದೂ ನಿಮ್ಗೆ ಕೇಳಿಸ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ‘ಹಾಂ? ಏನಂದೆ?’ ಅಂದಿದ್ದೇ ಆಯ್ತು.”

ಮಾವ ತನ್ನ ಕುರ್ಚಿಯನ್ನು ಎತ್ತಿ ತಂದು ಯಂತ್ರದ ಪಕ್ಕ ಹಾಕಿಕೊಂಡು ಕೂತ.

“ಈಗ ಹೇಳು,” ಅಂದ. “ಕೇಳಿಸತ್ತೆ.”

ಅವಳು ಯಂತ್ರದಿಂದ ಕಾಲು ತೆಗೆದಳು.